ಹೋರಿಗಳಿಗೆ ‘ರೀ’ ಎನ್ನುತ್ತಿದ್ದ ಕಾಂಪೌಂಡರು

ಸಂತೋಷದ ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ, ಮಿಕ್ಕದ್ದೆಲ್ಲ ಆಮೇಲೆ. ನನ್ನ ಮಗಳು ಗಂಗೆಗೆ ಇನ್ನು ಮಕ್ಕಳಾಗುವುದಿಲ್ಲ! ಇರುವ ಐದು ಮೊಮ್ಮಕ್ಕಳೇ ಕೊನೆ, ಆರನೆಯದು ಬರುವುದಿಲ್ಲ. ಇವತ್ತು ಮಧ್ಯಾಹ್ನದ ಬಸ್ಸಿಗೆ ಅಳಿಯ ಚನ್ನಪ್ಪ ಶಿಕಾರಿಪುರದ ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಬಂದ. ಕಾಲಿಗೆ ನೀರು ಸಹ ಹಾಕಿಕೊಳ್ಳದೆ ಅಂಗಳದಲ್ಲೇ ನಿಂತು, "ಮಾವ, ಏನೂ ಇಲ್ವಂತ!" ಎಂದು ಕೂಗಿದ. ಅವನಿಗೆ ಸಂತಾನ ನಿಲ್ಲಿಸುವ ಆಪರೇಷನ್ ಆಗಿ ಮೂರು ತಿಂಗಳ ಮೇಲಾಗಿತ್ತು. ಪರೀಕ್ಷೆ ಮಾಡಿ ನೋಡುವ ತನಕ ನಂಬಬೇಡಿ, ಅಲ್ಲಿಯವರೆಗೆ ಹೆಂಡತಿ ತವರಿನಲ್ಲೇ ಇರಲಿ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಮಲೇರಿಯಾ ಜ್ವರದ ರಕ್ತ ನೋಡುವ ಗಾಜಿನ ಯಂತ್ರದಲ್ಲೇ ಇವನ ಧಾತುವಿನ ಹನಿಯನ್ನೂ ಇಟ್ಟು, ಒಂದು ಕಣ್ಣು ಮುಚ್ಚಿ ಎರಡೆರಡು ಸಲ ನೋಡಿ, "ಒಂದೂ ಇಲ್ಲ, ಹೋಗಪ್ಪ" ಎಂದರಂತೆ. ಒಂದೂ ಇಲ್ಲವೆನ್ನಿಸಿಕೊಂಡು ಬಂದು ಕುಣಿದ ಗಂಡಸನ್ನು ನಾನು ಈ ಅರವತ್ತು ವರ್ಷದಲ್ಲಿ ಕಂಡದ್ದು ಇದೇ ಮೊದಲು. ನಾನೂ ಜೊತೆಗೆ ಕುಣಿದೆ.

ನನ್ನಾಕೆ ಆ ಮಾತು ಕಿವಿಗೆ ಬಿದ್ದದ್ದೇ ಕಡಲೆಬೇಳೆ ಬೇಯಲು ಇಟ್ಟಳು. ವಾಸನೆ ಹಿಡಿದು ಆಚೆಮನೆಯ ಪುಟ್ಟಕ್ಕ ಬೇಲಿಯ ಹತ್ತಿರ ಬಂದಳು.

"ಏನೇ ಅದು, ಹೋಳಿಗೆ ಹೂರಣ? ಹಬ್ಬ ಇಲ್ಲ ಹುಣ್ಣಿಮೆ ಇಲ್ಲ. ಗಂಗೆ ಮತ್ತೆ ಬಸ್ರೇನೇ?"

"ಇಲ್ಲ ಕಣೇ ಪುಟ್ಟಕ್ಕ, ಇನ್ಮೇಲೆ ಆಗಂಗೇ ಇಲ್ಲ. ಅದಕ್ಕೇ ಹೋಳಿಗೆ!"

ಪುಟ್ಟಕ್ಕ ಬಾಯಿ ತೆರೆದವಳು ಸ್ವಲ್ಪ ಹೊತ್ತು ಮುಚ್ಚಲಿಲ್ಲ. ಬಸಿರಾದರೆ ಹೋಳಿಗೆ, ಹೆತ್ತರೆ ಹೋಳಿಗೆ, ಹೆಸರಿಟ್ಟರೆ ಹೋಳಿಗೆ ತಿಂದ ಊರು ಇದು. ಆಗುವುದಿಲ್ಲವೆಂಬುದಕ್ಕೆ ಹೋಳಿಗೆ ಮಾಡಿದ ಮೊದಲ ಮನೆ ನಮ್ಮದೇ.

ಈ ಹೋಳಿಗೆಯಲ್ಲಿ ಮೊದಲನೆಯದನ್ನು ತಿನ್ನಬೇಕಾದವರು ಇವತ್ತು ನಮ್ಮ ಸೀಮೆಯಲ್ಲೇ ಇಲ್ಲ. ಮೈಸೂರು ರಾಜ್ಯ ದೊಡ್ಡದಾಯಿತಲ್ಲ, ಈಗ ವರ್ಗ ಮಾಡುವುದಕ್ಕೆ ಸರ್ಕಾರಕ್ಕೆ ಜಾಗವೂ ದೊಡ್ಡದಾಗಿದೆ. ಅವರನ್ನು ಕಲಬುರ್ಗಿಯ ಕಡೆಗೆ ಹಾಕಿದರು. ಹಾಕಿಸಿದವರಲ್ಲಿ ನಾನೂ ಒಬ್ಬ. ಅದನ್ನೂ ಹೇಳುತ್ತೇನೆ, ಮುಚ್ಚಿಟ್ಟರೆ ಹೋಳಿಗೆ ಅರಗುವುದಿಲ್ಲ.

ಅವರು ದನದ ಆಸ್ಪತ್ರೆಯ ಕಾಂಪೌಂಡರು. ಹೊಸಬಾಳೆಯಿಂದ ಮೂರು ಮೈಲಿ ಈಚೆಗಿರುವ ನಮ್ಮ ಊರೂ ಸೇರಿ ಸುತ್ತಿನ ಹತ್ತು ಹಳ್ಳಿಗಳ ದನಕರುಗಳಿಗೆ ಅವರೇ ಡಾಕ್ಟರು, ಅವರೇ ಸೂಲಗಿತ್ತಿ. ಹೆಸರು ಇಲ್ಲಿ ಹೇಳುವುದಿಲ್ಲ. ಊರಲ್ಲೂ ಯಾರೂ ಹೆಸರು ಹಿಡಿದು ಕರೆದವರಲ್ಲ. ದಾವಣಗೆರೆ ಕಡೆಯವರು, ಮಾತು ಆ ಕಡೆಯದೇ. ಮೊಣಕಾಲಿನ ತನಕ ಖಾಕಿ ಚಡ್ಡಿ, ತಲೆಗೆ ಕರಿ ಟೋಪಿ, ಮೈಯೆಲ್ಲ ಫಿನೈಲಿನ ವಾಸನೆ. ಗಾಳಿ ಆ ಕಡೆಯಿಂದ ಬೀಸಿದರೆ ಅವರು ಕೆರೆ ಏರಿಯ ಮೇಲಿರುವಾಗಲೇ ನನ್ನಾಕೆ ಕಾಫಿಗೆ ನೀರಿಡುತ್ತಿದ್ದಳು. ಏನಾದರೂ ಯೋಚನೆ ಬಂದರೆ ಟೋಪಿ ತೆಗೆದು ಪೆನ್ಸಿಲಿನಿಂದ ಬೋಳುತಲೆ ಕೆರೆದುಕೊಳ್ಳುವುದು ಅವರ ಅಭ್ಯಾಸ. ನೆತ್ತಿಯ ಮೇಲೆ ಸದಾ ನಾಲ್ಕು ಗೀಟು ಇರುತ್ತಿದ್ದವು.

ಅವರ ಸೈಕಲ್ಲಿನ ಹಿಂದೆ ಒಂದು ಚೀಲ. ಅದರಲ್ಲಿ ಹಳೆಯ ರುಮಾಲಿನಲ್ಲಿ ಸುತ್ತಿದ ಮೊಳದುದ್ದದ ಕಬ್ಬಿಣದ ಇಕ್ಕಳ. ಹೋರಿಗಳ ಬೀಜ ಒಡೆದು ಎತ್ತು ಮಾಡುವುದು ಆ ಇಕ್ಕಳದಿಂದಲೇ. ಹಿಂದೆ ಕಲ್ಲಿನಲ್ಲಿ ಜಜ್ಜುತ್ತಿದ್ದರು, ಪಾಪ, ಪ್ರಾಣಿಗಳು ವಾರಗಟ್ಟಲೆ ಬಾತುಕೊಂಡು ಬಿದ್ದಿರುತ್ತಿದ್ದವು. ಇವರದು ಒಂದೇ ಅದುಮು, ಹನಿ ರಕ್ತವಿಲ್ಲ. ಚೀಲ ಕಂಡರೆ ಹೋರಿಗಳು ಹಗ್ಗ ಜಗ್ಗುತ್ತಿದ್ದವು, ಗಂಡಸರು ಪಂಚೆ ಸರಿಮಾಡಿಕೊಳ್ಳುತ್ತಿದ್ದರು.

ಇಷ್ಟು ವರ್ಷ ಆ ಕೆಲಸ ಮಾಡಿದ ಮನುಷ್ಯ ಹೋರಿಗಳಿಗೆ ಒಂದು ದಿನವೂ ಏಕವಚನ ಬಳಸಿದ್ದನ್ನು ನಾನು ಕೇಳಿಲ್ಲ. ಹೋರಿಯ ಎದುರು ನಿಂತು ಕುತ್ತಿಗೆಯಡಿ ಜೋಲುವ ಗಂಗೆದೊಗಲು ಸವರಿ, "ಬರ್ರೀ ಯಜಮಾನ್ರ, ತಪ್ಪು ತಿಳೀಬ್ಯಾಡ್ರಿ, ನಂದು ನೌಕರಿ" ಎನ್ನುವರು. ಹಗ್ಗ ಹಿಡಿದ ಒಡೆಯನಿಗೆ ಮಾತ್ರ, "ಹಿಡಿಯೋ ಕಾಲು, ಏನು ನಿದ್ದಿ ಹೊಡೀತಿ?" ಒಂದು ಸಲ ನಮ್ಮ ಪಟೇಲರಿಗೆ ಇದನ್ನು ತಡೆಯಲಾಗಲಿಲ್ಲ.

"ಏನಯ್ಯಾ, ನನಗೆ ಏಕವಚನ, ನನ್ನ ಹೋರಿಗೆ ಬಹುವಚನವೋ?"

"ನೋವು ತಿನ್ನೋರಿಗೆ ಬಹುವಚನ ಪಟೇಲ. ನೀನೂ ಒಮ್ಮೆ ತಿಂದು ನೋಡು, ನಿನಗೂ ಹಚ್ತೀನಿ."

ಪಟೇಲರು ಎರಡು ಹೆಜ್ಜೆ ಹಿಂದೆ ಸರಿದರು. ಇಕ್ಕಳ ಇನ್ನೂ ಕಾಂಪೌಂಡರ ಕೈಯಲ್ಲೇ ಇತ್ತು.

ಬೀಜ ಒಡೆದ ಮನೆಯಲ್ಲಿ ಆ ದಿನ ಅವರು ಹನಿ ನೀರು ಕುಡಿಯುತ್ತಿರಲಿಲ್ಲ. "ಅವರ ಕಣ್ಣೆದುರಿಗೇ ಕುಂತು ಹ್ಯಾಂಗ ಕುಡೀಲಿ" ಎನ್ನುವರು. ಅವರು ಎಂದರೆ ಹೋರಿ. ಮಾರನೆಯ ದಿನ ಬಂದು, ಬಾವು ಇದೆಯೋ ಎಂದು ನೋಡಿ, ಹೋರಿ ಹುಲ್ಲು ಮುಟ್ಟಿದ್ದನ್ನು ಕಣ್ಣಾರೆ ಕಂಡ ಮೇಲೆ ಕಾಫಿ ಕೇಳಿ ಕುಡಿದು ಹೋಗುವರು.

ಇಂಥವರು ನಯಾಪೈಸೆ ಬಂದ ವರ್ಷ ಏನು ಮಾಡಿದರೆಂದರೆ, ಶಿಕಾರಿಪುರಕ್ಕೆ ಹೋಗಿ ತಮಗೇ ಆಪರೇಷನ್ ಮಾಡಿಸಿಕೊಂಡು ಬಂದರು! ಅಲ್ಲೊಂದು ಮೀಟಿಂಗಂತೆ. ನೌಕರರನ್ನೆಲ್ಲ ಕೂರಿಸಿ ಆಸ್ಪತ್ರೆಯ ಡಾಕ್ಟರು ಕುಟುಂಬ ಯೋಜನೆಯ ವಿಷಯ ಹೇಳಿದರಂತೆ. ಹೆಂಗಸರು ಹೆತ್ತು ಹೆತ್ತು ಸಾಯುತ್ತಾರೆ, ಗಂಡಸಿಗೆ ಒಂದು ಸಣ್ಣ ಆಪರೇಷನ್ ಮಾಡಿದರೆ ಮುಗಿಯಿತು, ಇದು ಒಂದೇ ಸಲ, ಆಮೇಲೆ ಹಿಂದಕ್ಕೆ ಬರುವ ದಾರಿಯಿಲ್ಲ, ಯೋಚಿಸಿ ಬನ್ನಿ ಎಂದರಂತೆ. ಯಾರು ಬರುತ್ತೀರಿ ಎಂದಾಗ ಮೇಷ್ಟ್ರುಗಳು, ಗುಮಾಸ್ತರು ಎಲ್ಲರೂ ಸೂರಿನ ಹೆಂಚು ನೋಡತೊಡಗಿದರಂತೆ. ಇವರು ಎದ್ದರು. ನಾಲ್ಕು ಮಕ್ಕಳಿದ್ದವು, ಹೆಂಡತಿ ಮೂರು ವರ್ಷದಿಂದ ಸೊಂಟ ಹಿಡಿದುಕೊಂಡೇ ನಡೆಯುತ್ತಿದ್ದರು.

ಸುದ್ದಿ ಅವರಿಗಿಂತ ಮೊದಲು ಊರಿಗೆ ಬಂತು. ಇಡೀ ತಾಲ್ಲೂಕಿನ ಹೋರಿಗಳ ಶಾಪ ತಟ್ಟಿತು ಎಂದರು ಜನ. ನಾನೂ ಹಾಗೇ ಅಂದೆ. ಸುಳ್ಳೇಕೆ ಹೇಳಲಿ, ಎಲ್ಲರಿಗಿಂತ ಜೋರಾಗಿ ಅಂದೆ.

ನಮ್ಮ ಕಡೆ ಗಂಡಸರಿಗೆ ಬೇರೇನೂ ಗೊತ್ತಿಲ್ಲದಿದ್ದರೂ ಹೋರಿ ಗೊತ್ತು. ಬೀಜ ಒಡೆದ ಹೋರಿ ಹೇಗಾಗುತ್ತದೆ ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇವೆ. ಬೆನ್ನ ಮೇಲಿನ ಹಿಣಿಲು ಇಳಿಯುತ್ತದೆ, ಕುತ್ತಿಗೆ ಸಣ್ಣಗಾಗುತ್ತದೆ, ಮೈಗೆ ಕೊಬ್ಬು ಬರುತ್ತದೆ, ಗುಟುರು ಹೋಗುತ್ತದೆ, ಸಿಟ್ಟು ಹೋಗುತ್ತದೆ, ನೊಗಕ್ಕೆ ತಾನೇ ಕುತ್ತಿಗೆ ಕೊಡುತ್ತದೆ. ಈ ಲೆಕ್ಕದಲ್ಲೇ ನಾವು ಕಾಂಪೌಂಡರನ್ನು ನೋಡತೊಡಗಿದೆವು. ಮೊದಲ ಸೋಮವಾರ ದನದ ಆಸ್ಪತ್ರೆಯ ಮುಂದೆ ಯಾವ ದನಕ್ಕೂ ಕಾಯಿಲೆಯಿಲ್ಲದೆ ಇಪ್ಪತ್ತು ಜನ ಸೇರಿದ್ದೆವು. ಹೋರಿ ದಲ್ಲಾಳಿಯೊಬ್ಬ ಇದ್ದ, ನಾಲ್ಕು ತಾಲ್ಲೂಕಿನ ಜಾತ್ರೆ ತಿರುಗಿದವನು. ಅವನು ಕಾಂಪೌಂಡರ ಸುತ್ತ ಒಂದು ಸುತ್ತು ಬಂದು, ಹಿಂದಿನಿಂದ ಭುಜ ನೋಡಿ, ಪಕ್ಕದಿಂದ ಕುತ್ತಿಗೆ ನೋಡಿ ನಮ್ಮ ಕಡೆಗೆ ತಲೆಯಾಡಿಸಿದ. "ಇಳಿದೈತೆ" ಎಂದು ಪಿಸುಗುಟ್ಟಿದ. ಏನು ಇಳಿದಿದೆ ಎಂದು ಯಾರೂ ಕೇಳಲಿಲ್ಲ. ಮನುಷ್ಯನಿಗೆ ಹಿಣಿಲು ಇರುವುದಿಲ್ಲವೆಂಬುದು ನಮಗ್ಯಾರಿಗೂ ಹೊಳೆಯಲೇ ಇಲ್ಲ.

"ದನಿ ಸಣ್ಣಗಾದಂಗೆ ಕಾಣ್ತದೆ" ಎಂದ ಇನ್ನೊಬ್ಬ.

ಅಷ್ಟರಲ್ಲಿ ಕಾಂಪೌಂಡರು ತಿರುಗಿ, "ಏನ್ರಲೇ, ದನಾ ಎಲ್ಲಿ? ನೀವ ಬಂದೀರೇನು ಗೂಟಕ್ಕ ಕಟ್ಟಿಸ್ಕಳ್ಳಾಕ?" ಎಂದು ಗುಡುಗಿದರು. ಇಪ್ಪತ್ತು ಜನವೂ ಅಂಗಳ ದಾಟಿದೆವು. ದನಿಯ ಪ್ರಶ್ನೆ ಅಲ್ಲಿಗೆ ಮುಗಿಯಿತು. ಸಿಟ್ಟಿನ ಪ್ರಶ್ನೆಯೂ.

ಸಿಟ್ಟು ಇಳಿಯಲಿಲ್ಲವೆಂದು ಎಲ್ಲರಿಗಿಂತ ಹೆಚ್ಚು ನಿರಾಸೆಯಾದದ್ದು ಅವರ ಹೆಂಡತಿಗೇ. "ಊರೋರೆಲ್ಲ ಹೇಳ್ತಿದ್ರು ಅಕ್ಕಾರ, ನಾನೂ ಖರೆ ಅಂದ್ಕಂಡಿದ್ದೆ. ನಿನ್ನಿ ಸಾರಿಗೆ ಉಪ್ಪು ಹೆಚ್ಚಾತು ಅಂತ ಅದೇ ಹಾರಾಟ" ಎಂದು ನನ್ನಾಕೆಯ ಹತ್ತಿರ ಹೇಳಿಕೊಂಡರಂತೆ. ಅದು ಗೊತ್ತಿಲ್ಲದ ಇಬ್ಬರು ಹೆಂಗಸರು ಸಂಜೆ ಮರೆಯಲ್ಲಿ ಕಾಂಪೌಂಡರ ಮನೆಗೆ ಹೋಗಿ, ನಮ್ಮ ಯಜಮಾನರಿಗೂ ಮಾಡಿಸಿದರೆ ಹೆಂಡ ಬಿಡುತ್ತಾರೋ ಎಂದು ಕೇಳಿದರಂತೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು, "ಇಲ್ಲ ತಾಯಿ, ಅದು ಬ್ಯಾರೆ ನರ" ಎಂದು ಕಳಿಸಿದರಂತೆ.

ಆ ಮಳೆಗಾಲದಲ್ಲಿ ಪಟೇಲರ ಹೋರಿಯೊಂದಕ್ಕೆ ಬೀಜ ಒಡೆದ ಮೇಲೆ ಎಂಟು ದಿನ ಬಾವು ಇಳಿಯಲಿಲ್ಲ. ಅಷ್ಟು ಸಾಕಾಯಿತು. ಪಟೇಲರ ಜಗಲಿಯಲ್ಲಿ ಸಭೆ ಸೇರಿ ಮೇಲಿನ ಸಾಹೇಬರಿಗೆ ಒಂದು ಅರ್ಜಿ ಬರೆಸಿದೆವು. ಬರೆದವನು ಅರ್ಜಿ ಬರೆದೇ ಹೊಟ್ಟೆ ಹೊರೆಯುವವನು, ಅವನ ಭಾಷೆ ಗಟ್ಟಿ. ‘ಸದರಿ ಕಾಂಪೌಂಡರವರು ತಾವೇ ಸದರಿ ಕ್ರಮಕ್ಕೆ ಒಳಪಟ್ಟಿರುವ ಕಾರಣ, ರೈತಾಪಿ ಜನರ ಗಂಡು ಜಾನುವಾರುಗಳ ಮೇಲೆ ಸಹಜವಾಗಿ ಹೊಟ್ಟೆಕಿಚ್ಚು ಉಳ್ಳವರಾಗಿ, ಇಕ್ಕಳವನ್ನು ಜರೂರಿಗಿಂತ ಜಾಸ್ತಿ ಅದುಮುತ್ತಿರುವುದಾಗಿ’ ಎಂದು ಓದಿ ಹೇಳಿದಾಗ ನಾವೆಲ್ಲ ಭಲೇ ಎಂದೆವು. ನಾನು ಮೂರನೇ ಕ್ಲಾಸಿನ ತನಕ ಓದಿದವನು, ಸಹಿ ಮಾಡಲು ಬರುತ್ತದೆ. ಹಾಗಾಗಿ ಪಟೇಲರ ಕೆಳಗೆ ನನ್ನ ಸಹಿ, ಅದರ ಕೆಳಗೆ ಉಳಿದವರ ಹೆಬ್ಬೆಟ್ಟು.

ಅರ್ಜಿ ಹೋದ ಎರಡನೇ ತಿಂಗಳಿಗೆ ನಮ್ಮ ಗಂಗೆ ಐದನೆಯ ಹೆರಿಗೆಗೆ ತವರಿಗೆ ಬಂದಳು.

ಅದರ ಬಗ್ಗೆ ಹೆಚ್ಚು ಹೇಳಲಾರೆ. ಮಗು ಹುಟ್ಟಿತು, ರಕ್ತ ನಿಲ್ಲಲಿಲ್ಲ. ಗಾಡಿಯಲ್ಲಿ, ಆಮೇಲೆ ಯಾರದೋ ಲಾರಿಯಲ್ಲಿ ಶಿಕಾರಿಪುರಕ್ಕೆ ಒಯ್ಯುವಾಗ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಕಂಬಳಿ ನೆಂದು ನನ್ನ ಕಾಲಿಗೆ ಅಂಟಿತು. "ಅಪ್ಪ, ದೀಪ ಹಚ್ಚು, ಕತ್ತಲಾತು" ಎಂದಳು. ಆಗ ಮಟಮಟ ಮಧ್ಯಾಹ್ನ. ಹದಿನೆಂಟು ದಿನದ ಮೇಲೆ ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಹೆರಿಗೆ ಈ ಹುಡುಗಿ ತಡೆಯಲ್ಲ. ಮಗಳು ಬೇಕಾ ಮೊಮ್ಮಗು ಬೇಕಾ, ಅಳಿಯನ ಹತ್ತಿರ ಕೇಳಿ" ಎಂದರು.

ಅಳಿಯ ಎಂದರೆ ಹೊರಗಿನವನಲ್ಲ, ನನ್ನ ಸ್ವಂತ ಅಕ್ಕನ ಮಗ. ಶಿಕಾರಿಪುರದ ಆಚೆಗಿನ ಹಳ್ಳಿ. ಒಳ್ಳೆಯ ಹುಡುಗ, ದುಡಿಮೆಗಾರ. ಮನೆಯಲ್ಲಿ ಅವನ ಪ್ರಾಣವಾಗಿ ಒಂದು ಹೋರಿ ಇದೆ, ದೀಪಾವಳಿಯಲ್ಲಿ ಓಡಿಸುವುದು, ಅದರ ಕೊಂಬಿಗೆ ಬಣ್ಣ ಹಚ್ಚುವಾಗ ಊಟ ಮರೆಯುತ್ತಾನೆ. ಆದರೆ ಆಪರೇಷನ್ ಎಂದದ್ದೇ ಅವನ ನಾಲಿಗೆ ಅಂಗುಳಕ್ಕೆ ಅಂಟಿತು. ಅಕ್ಕ ಮಾತಾಡಿದಳು, ಅವನ ಪಾಲಿನದ್ದೂ ಸೇರಿಸಿ. ಗಂಗೆ ನಮ್ಮಲ್ಲಿ ಆರು ತಿಂಗಳು, ಎಂಟು ತಿಂಗಳು ಉಳಿದಳು. ಕಳಿಸು ಎಂದು ಅಕ್ಕ ಹೇಳಿಕಳಿಸಿದಳು, ನಾನು ಕಳಿಸಲಿಲ್ಲ. ಕೊನೆಗೆ ಬಂದ ಮಾತು: "ಗಂಗೀನ ನೀನ ಇಟ್ಕ. ನನ್ನ ಮಗಗ ಬ್ಯಾರೆ ಹೆಣ್ಣು ನೋಡ್ತೀನಿ." ಕಳಿಸಿದರೆ ಮಗಳು ಸಾಯುತ್ತಾಳೆ, ಕಳಿಸದಿದ್ದರೆ ಇದ್ದೂ ಇಲ್ಲದಂತಾಗುತ್ತಾಳೆ. ಗಂಗೆ ಇದನ್ನೆಲ್ಲ ಕೇಳಿಸಿಕೊಂಡು ಮಗುವಿಗೆ ಹಾಲೂಡುತ್ತ ಗೋಡೆ ನೋಡುತ್ತಿದ್ದಳು. ಹಾಕಿದ ಅನ್ನದಲ್ಲಿ ಅರ್ಧ ಮಕ್ಕಳ ಬಾಯಿಗೆ, ಅರ್ಧ ಹಾಗೆಯೇ ಹಟ್ಟಿಗೆ.

"ಆ ಕಾಂಪೌಂಡರ ಕಾಲು ಹಿಡೀರಿ" ಎಂದಳು ನನ್ನಾಕೆ. "ಮಾಡಿಸ್ಕಂಡ ಗಂಡಸು ಈ ಸೀಮೆಗೆ ಅವರೊಬ್ಬರೇ."

ಸಹಿ ಹಾಕಿದ ಕೈಯಲ್ಲೇ ಕಾಲು ಹಿಡಿಯಬೇಕಲ್ಲ! ಮೂರು ದಿನ ತಡೆದು, ನಾಲ್ಕನೇ ದಿನ ಹೋದೆ. ಅವರು ಮೊಣಕೈ ತನಕ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದರು. ನನ್ನ ಮುಖ ನೋಡಿದವರೇ, "ಬರ್ರೀ ಯಜಮಾನ್ರ, ಕುಂದರ್ರಿ" ಎಂದರು. ಅಷ್ಟು ವರ್ಷದಲ್ಲಿ ನನಗೆ ಬಹುವಚನ ಸಿಕ್ಕಿದ್ದು ಅವತ್ತೇ. ಹೇಳಬೇಕಾದ್ದನ್ನು ಹೇಳಿದೆ. ಹೇಳಿ ಮುಗಿಸಿದ ಮೇಲೂ ಎದ್ದು ಬರಲಾಗದೆ ಕುಳಿತಿದ್ದೆ.

"ನಿಮ್ಮ ಸಹಿ ಭಾಳ ದುಂಡಗೈತ್ರೀ" ಎಂದರು ಅವರು, ಕೈ ಒರೆಸಿಕೊಳ್ಳುತ್ತ. "ಸಾಹೇಬ್ರು ಅರ್ಜಿ ತೋರಿಸಿದ್ರು. ಪಟೇಲಂದು ಕೋಳಿ ಕೆದರಿದಂಗೈತಿ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ನಗಲಿಲ್ಲ, ಬೈಯಲೂ ಇಲ್ಲ. "ನಾಳಿ ಏಳರ ಬಸ್ಸಿಗೆ ಹೋಗೂಣು" ಎಂದರು.

ಮಾರನೆಯ ದಿನ ಅಕ್ಕನ ಊರಿಗೆ ಹೋದೆವು. ಒಂದು ತಪ್ಪಾಯಿತು. ಅವರು ಅಭ್ಯಾಸಬಲದಿಂದ ಚೀಲ ಹೆಗಲಿಗೆ ಹಾಕಿಕೊಂಡೇ ಬಂದಿದ್ದರು. ಬೀದಿಯ ತಿರುವಿನಲ್ಲಿ ಚನ್ನಪ್ಪ ನಮ್ಮನ್ನು ಕಂಡವನೇ ಮನೆಗೆ ಓಡಿ, ಹೋರಿಯನ್ನು ಬಿಚ್ಚಿ, ಹಿತ್ತಿಲ ಬೇಲಿ ದಾಟಿಸಿ ಪಕ್ಕದವರ ಹೊಲಕ್ಕೆ ಅಟ್ಟಿದ. ನಾವು ಅಂಗಳಕ್ಕೆ ಬರುವಾಗ ಏದುಸಿರು ಬಿಡುತ್ತ ಅಡ್ಡ ನಿಂತಿದ್ದ.

"ಮಾವ, ನಿನ್ನ ಕಾಲಿಗೆ ಬೀಳ್ತೀನಿ, ನನ್ನ ಹೋರಿ ಮುಟ್ಟಿಸಬ್ಯಾಡ!"

"ಹೋರಿಗಲ್ಲೋ ಚನ್ನಾ ನಾವು ಬಂದಿದ್ದು" ಎಂದುಬಿಟ್ಟೆ.

ಹೋರಿಗಲ್ಲದಿದ್ದರೆ ಮತ್ತೆ ಆ ಮನೆಯಲ್ಲಿದ್ದ ಗಂಡು ಅವನೊಬ್ಬನೇ. ಚನ್ನಪ್ಪ ಚೀಲ ನೋಡಿದ, ನನ್ನನ್ನು ನೋಡಿದ, ಮತ್ತೆ ಚೀಲ ನೋಡಿದ. ಒಳಗಿಂದ ಅಕ್ಕ ಒನಕೆ ಹಿಡಿದುಕೊಂಡು ಬಂದಳು.

"ಲೇ ತಮ್ಮಾ, ನನ್ನ ಮಗನ್ನ ಎತ್ತು ಮಾಡಾಕ ದನದ ಡಾಕ್ಟ್ರನ್ನ ಕರ್ಕಂಬಂದೀಯೇನೋ? ಒಂದು ಹೊಟ್ಟ್ಯಾಗ ಹುಟ್ಟಿದ್ವಲ್ಲೋ ನಾವು!"

ಬೀದಿಯಲ್ಲಿ ಜನ ಸೇರಿತು. ಗಂಡಸರೆಲ್ಲ ಕಾಲ ಮೇಲೆ ಕಾಲು ಹಾಕಿ ಜಗಲಿಗಳ ಮೇಲೆ ಬಿಗಿಯಾಗಿ ಕುಳಿತರು. ಕಾಂಪೌಂಡರು ಚೀಲ ಇಳಿಸಿ, ಮಾರು ದೂರ ತಳ್ಳಿ, ಕೈ ಮುಗಿದರು.

"ತಾಯಿ, ಆ ಇಕ್ಕಳ ಮುಟ್ಟಿದ್ದು ನನ್ನನ್ನಲ್ಲ. ಹೋರೀದು ಬ್ಯಾರೆ, ನಂದು ಬ್ಯಾರೆ. ನಿಮ್ಮ ಊರಿನ ಕೆರಿ ತೂಬು ಮುಚ್ಚಿದ್ರ ಕೆರಿ ಒಣಗತೈತೇನು?"

"ಯಾಕ ಒಣಗತೈತಿ?"

"ನೀರು ಇರ್ತೈತಿ, ಅಲೆ ಇರ್ತೈತಿ, ಮೀನು ಇರ್ತಾವು. ಗದ್ದಿಗೆ ಹರಿಯೂದು ನಿಂದರ್ತೈತಿ, ಅಷ್ಟ. ನಂದೂ ತೂಬು ಮುಚ್ಯಾರ. ಹೋರೀದು ಕೆರೀನ ಒಡೆದಂಗ."

ಅಕ್ಕ ಒನಕೆ ಊರಿ ನಿಂತು ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಮತ್ತ, ನಿನ್ನ ಹೆಂಡ್ತಿ ಏನಂತಾಳ?"

"ಏನಂತಾಳ್ರೀ, ಮೊದ್ಲಿನಂಗ ಬೈತಾಳ."

ಬೀದಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಜಗಲಿಯಿಂದ ಯಾವನೋ, "ನೋವು?" ಎಂದ. "ಇರಿವಿ ಕಚ್ಚಿದಂಗ" ಎಂದರು ಇವರು. ಆಮೇಲೆ ನಗು ನಿಲ್ಲುವ ತನಕ ಕಾದು, ಅಕ್ಕನ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ಎಷ್ಟೋ ಹೋರಿಗೋಳ ಕಾಲು ಕಟ್ಟೀನ್ರೀ. ಒಂದನ್ನೂ ಕೇಳಲಿಲ್ಲ. ನನ್ನ ಕಾಲು ಯಾರೂ ಕಟ್ಟಲಿಲ್ಲ. ಡಾಕ್ಟ್ರು ಮೂರು ಸಲ ಕೇಳಿದ್ರು, ಬ್ಯಾಡ ಅನ್ನಿಸಿದ್ರ ಮನೀಗೆ ಹೋಗು ಅಂದ್ರು. ಎತ್ತು ಯಾರು ಅಂದ್ರ, ಯಾರೂ ಒಂದು ಮಾತು ಕೇಳದ ಕಾಲು ಕಟ್ಟಿಸ್ಕಂಡೋರು. ಐದು ಹೆತ್ತ ನಿಮ್ಮ ಸೊಸೀನ ಯಾರಾರ ಕೇಳೀರೇನು?"

ಅಕ್ಕ ಒನಕೆಯನ್ನು ಗೋಡೆಗೆ ಒರಗಿಸಿದಳು. ಅಷ್ಟೇ ಆದದ್ದು, ಒಪ್ಪಲಿಲ್ಲ. ಊಟಕ್ಕೂ ಕರೆಯಲಿಲ್ಲ. ಹೊರಡುವ ಮೊದಲು ಕಾಂಪೌಂಡರು ಚನ್ನಪ್ಪನ ಹೆಗಲ ಮೇಲೆ ಕೈ ಹಾಕಿ ಹುಲ್ಲಿನ ಬಣವೆಯ ಹಿಂದೆ ಕರೆದುಕೊಂಡು ಹೋದರು. ಒಂದು ಬೀಡಿ ಸೇದಿ ಮುಗಿಯುವಷ್ಟು ಹೊತ್ತು ಮಾತಾಡಿ ಬಂದರು. ಏನು ಹೇಳಿದಿರಿ ಎಂದು ಬಸ್ಸಿನಲ್ಲಿ ಕೇಳಿದೆ. "ಗಂಡಸ್ರ ಮಾತು" ಎಂದು ಕಿಟಕಿಯ ಆಚೆ ನೋಡಿದರು.

ಹದಿನೈದು ದಿನಕ್ಕೆ ವರ್ಗದ ಆರ್ಡರು ಬಂತು. ಪಟೇಲರ ಜಗಲಿಯಲ್ಲಿ ಚಹಾ ಹಂಚಿದರು, ಗಂಡು ಜಾನುವಾರುಗಳ ಪರವಾಗಿ. ನಾನು ಮೊದಲು ಸಾಹೇಬರ ಕಚೇರಿಗೆ ಓಡಿ ನನ್ನ ಸಹಿ ಹೊಡೆದುಹಾಕಿ ಎಂದು ಬೇಡಿದೆ. ಅಲ್ಲಿದ್ದ ಗುಮಾಸ್ತ, ಅರ್ಜಿಗೆ ಸಹಿ ಹಾಕುವ ಪದ್ಧತಿ ಉಂಟು, ತೆಗೆಯುವ ಪದ್ಧತಿ ಇಲ್ಲ ಎಂದ. ಕಾಂಪೌಂಡರು ಹೋಗುವ ದಿನ ಅವರ ಸಾಮಾನನ್ನೆಲ್ಲ ನನ್ನ ಗಾಡಿಯಲ್ಲೇ ಬಸ್ಸಿನ ತನಕ ಸಾಗಿಸಿದೆ. ಹಾದಿಯಲ್ಲಿ ಗಾಡಿ ನಿಲ್ಲಿಸಿ, ನನ್ನ ಎತ್ತುಗಳ ಗಂಗೆದೊಗಲು ಸವರಿದರು. ಎರಡನ್ನೂ ಎತ್ತು ಮಾಡಿದ್ದು ಅವರೇ. "ಬರ್ತೀನ್ರೀ ಯಜಮಾನ್ರ" ಎಂದರು ಅವುಗಳಿಗೆ. ನನಗೆ, "ಮಗಳಿಗೆ ಸರಿಯಾಗಿ ಉಣ್ಣಾಕ ಹಾಕ್ರಿ" ಎಂದರು. ಚನ್ನಪ್ಪ ಏನು ಮಾಡಿದ ಎಂಬುದು ತಿಳಿಯದೆಯೇ ಹೋದರು.

ಚನ್ನಪ್ಪ ಏನೂ ಮಾಡಿರಲಿಲ್ಲ. ತಿಂಗಳು ಕಳೆಯಿತು. ಅಕ್ಕ ಹೆಣ್ಣು ನೋಡಲು ಹೋಗಿದ್ದಾಳೆಂಬ ಸುದ್ದಿಯೂ ಬಂತು. ಹೀಗಿರುವಾಗ ಒಂದು ಸಂಜೆ ಅವನು ನಮ್ಮ ಬಾಗಿಲಲ್ಲಿ ನಿಂತಿದ್ದ. ಹೋರಿಗೆ ಗೆಜ್ಜೆಸರ ತರುತ್ತೇನೆಂದು ತಾಯಿಗೆ ಹೇಳಿ ಶಿಕಾರಿಪುರಕ್ಕೆ ಹೋಗಿ, ಆಪರೇಷನ್ ಮಾಡಿಸಿಕೊಂಡು, ಕಾಲು ಅಗಲಿಸಿ ನಡೆಯುತ್ತ ನಮ್ಮಲ್ಲಿಗೆ ಬಂದಿದ್ದ. ನಾಲ್ಕು ದಿನ ನಮ್ಮಲ್ಲೇ ಮಲಗಿದ. ಆಗ ಕೇಳಿದೆ, ಬಣವೆಯ ಹಿಂದೆ ಏನು ಹೇಳಿದರೋ ಎಂದು.

"ಮಾವ, ಎಲ್ಲರ ಮುಂದ ಇರಿವಿ ಅಂದ್ರಲ್ಲ, ನೋವು ಅಷ್ಟ ಖರೆ ಅಂದ್ರು. ಹೆದರಿಕಿ ಮಾತ್ರ ಆನಿಯಷ್ಟಿತ್ತಂತ. ಹೆಸರು ಕೂಗೂದ್ರೊಳಗ ಹಿಂದಿನ ಬಾಗಲದಿಂದ ಬಸ್ ಸ್ಟ್ಯಾಂಡಿಗೆ ಓಡಿ ಹೋಗಿದ್ರಂತ. ಬಸ್ಸು ಕೆಟ್ಟು ನಿಂತಿತ್ತಂತ. ಕುಂತು ಕುಂತು ಬ್ಯಾಸರಾಗಿ ತಿರುಗಿ ಬಂದ್ರಂತ. ಅಷ್ಟು ಹೋರಿ ಎದುರಿಗೆ ನಿಂತೋರ ಓಡಿದ್ರಂದ್ರ, ನಾ ಹೆದರಿದ್ರ ಏನು ತಪ್ಪು ಅನ್ನಿಸ್ತು."

"ನೀನು ಓಡಲಿಲ್ಲ ತಾನೆ?"

"ಓಡಿದ್ನಲ್ಲ! ನನ್ನ ನಸೀಬಿಗೆ ಬಸ್ಸು ಸರಿಯಾಗೇ ಇತ್ತು. ಹತ್ತಿ ಕುಂತೆ. ಮುಂದಿನ ಸೀಟಿನ್ಯಾಗ ಒಬ್ಬಾಕಿ ಬಾಣಂತಿ ಇದ್ಲು. ಮುಖದಾಗ ರಕ್ತನ ಇರಲಿಲ್ಲ. ಕೂಸು ಅಳ್ತಿದ್ರ ಎತ್ಕಳ್ಳಾಕ ಕೈ ಏಳವಲ್ದು." ಮೆಲ್ಲಗೆ ಮಗ್ಗುಲು ಬದಲಿಸಿ, "ಇಳಿದೆ ಮಾವ" ಎಂದ.

ಗಂಡಸರ ಮಾತು ಎಂದರೆ ಏನೆಂಬುದು ನನಗೆ ಅರವತ್ತರಲ್ಲಿ ತಿಳಿಯಿತು.

ಇನ್ನು ಇವತ್ತಿನ ಸಂಜೆಗೆ ಬರುತ್ತೇನೆ. ಹೂರಣ ರುಬ್ಬಿ ಮುಗಿಯುವ ಹೊತ್ತಿಗೆ ಅಕ್ಕ ಬಂದಳು. ಆಪರೇಷನ್ನಿನ ಗುಟ್ಟು ರಟ್ಟಾದಾಗಿನಿಂದ, ಮೂರು ತಿಂಗಳು, ನನ್ನೊಡನೆ ಮಾತು ಬಿಟ್ಟವಳು, ಮಗ ಪರೀಕ್ಷೆಗೆ ಹೋಗಿದ್ದಾನೆಂದು ತಿಳಿದು ಮನೆಯಲ್ಲಿ ಕೂರಲಾರದೆ ಸಂಜೆಯ ಬಸ್ಸು ಹಿಡಿದಿದ್ದಳು. ಬಾಗಿಲಲ್ಲೇ, "ಏನಂದ್ರೋ ಡಾಕ್ಟ್ರು?" ಎಂದಳು.

"ಒಂದೂ ಇಲ್ವಂತ ಅವ್ವ."

ಅಕ್ಕ ಹೊಸ್ತಿಲ ಮೇಲೆ ಕುಳಿತಳು. ನಾನು ನೀರು ತಂದುಕೊಟ್ಟೆ. "ಐದು ಸಾಲದೇನಕ್ಕ?" ಎಂದೆ.

"ಸಾಕೋ. ನನಗ ಏನು ಇನ್ನೂ ಹತ್ತು ಬೇಕಾಗಿತ್ತೇನು? ಆದ್ರ ಇನ್ನ ಬರಂಗಿಲ್ಲ ಅಂದ್ರ ಎದಿ ಝಲ್ ಅಂತೈತಿ." ನೀರು ಕುಡಿದು ಚೊಂಬು ಕೆಳಗಿಟ್ಟಳು. "ನೋಡಾಕ ಹೋಗಿದ್ನಲ್ಲ ಆ ಹುಡುಗಿ, ಭಾಳ ಸಣ್ಣಾಕಿ. ಕೂಸು. ಆ ಸಂಬಂಧ ಬ್ಯಾಡ ಅಂತ ಹೇಳಿ ಬಂದೆ." ಯಾವಾಗ ಹೇಳಿ ಬಂದಳೋ, ಯಾಕೆ ಹೇಳಿ ಬಂದಳೋ, ನಾನು ಕೇಳಲಿಲ್ಲ.

ನಮ್ಮಲ್ಲಿ ಗಂಡಸರು ಎದ್ದ ಮೇಲೆ ಹೆಂಗಸರು ಕೂರುವುದು. ಇವತ್ತು ನನ್ನಾಕೆ, ಎಲ್ಲರಿಗೂ ಒಟ್ಟಿಗೇ ಎಲೆ ಹಾಕಿ ನಡುವೆ ಪಾತ್ರೆ ಇಟ್ಟುಬಿಟ್ಟಳು, ಬೇಕಾದವರು ಬಡಿಸಿಕೊಳ್ಳಿ ಎಂದು. ಒಂದು ಗೋಡೆಗೆ ನಾನು, ಚನ್ನಪ್ಪ, ದೊಡ್ಡ ಮಕ್ಕಳಿಬ್ಬರು. ಎದುರಿಗೆ ಅಕ್ಕ, ಗಂಗೆ, ನನ್ನಾಕೆ, ಸಣ್ಣವೆರಡು. ಕೂಸು ಗಂಗೆಯ ಮಡಿಲಲ್ಲಿ. ಅಕ್ಕ ತನ್ನ ಎಲೆ ಬಿಟ್ಟು ಮಗನ ಎಲೆಯನ್ನೇ ನೋಡುತ್ತಿದ್ದಳು. ಒಂದು ಹೋಳಿಗೆ, ಎರಡು, ಮೂರು. ನಾಲ್ಕನೆಯದಕ್ಕೆ ಅವನು ಕೈ ಚಾಚಿದಾಗ ಉಸಿರು ಬಿಟ್ಟು, "ಉಣ್ಣೂದೇನೂ ಕಮ್ಮಿ ಆಗಿಲ್ಲ ಬಿಡು" ಎಂದಳು. ನನ್ನಾಕೆ ನಕ್ಕು ನಕ್ಕು ಸೌಟು ಕೆಳಗಿಟ್ಟಳು.

ಆಮೇಲೆ ಅಕ್ಕ ಪಾತ್ರೆಯಿಂದ ಒಂದು ಹೋಳಿಗೆ ತೆಗೆದು ಸೊಸೆಯ ಎಲೆಗೆ ಹಾಕಿದಳು. ತುಪ್ಪವನ್ನೂ ತಾನೇ ಸುರಿದಳು.

"ನಾಳೆ ಬಸ್ಸಿಳಿದು ಮೂರು ಮೈಲಿ ನಡೀಬೇಕು. ಉಣ್ಣು. ಎಲುಬು ಕಾಣಾಕತ್ತಾವು."

ಗಂಗೆ ತಲೆ ಎತ್ತಿ ಅತ್ತೆಯನ್ನು ನೋಡಿದಳು. ಹೋಳಿಗೆ ಮುರಿದಳು. ಸಣ್ಣವೆರಡೂ ಅಭ್ಯಾಸದಂತೆ ಅವಳ ಎಲೆಗೆ ಕೈ ಚಾಚಿದವು. ಅವಳು ಎರಡು ಕೈಗಳನ್ನೂ ಮೆಲ್ಲಗೆ ಪಕ್ಕಕ್ಕೆ ಸರಿಸಿ, "ನಿಮಗೆ ಅಲ್ಲಿದೆ, ಇದು ನಂದು" ಎಂದು ತಾನೇ ಪೂರ್ತಿ ಉಂಡಳು.